ಪ್ರಾಯ ಸಂದ ಮೇಲೆ ಅಕ್ಷರ



ಇವತ್ತಿನ ನನ್ನ ಮಾತು ಗೊಬ್ಬರದ ಮೇಲೂ ಅಲ್ಲ, ಬೀಜದ ಮೇಲೂ ಅಲ್ಲ. ನಾಲ್ಕು ವರ್ಷಗಳ ಹಿಂದೆ ಪೆರ್ಡೂರಿನ ಒಂದು ಗದ್ದೆಯಲ್ಲಿ ನೇಜಿ ಸುಟ್ಟುಹೋಯಿತು. ಅಲ್ಲಿಂದ ಹೊರಟ ಮಾತು ಒಂದು ಮದುವೆಯ ತನಕ ಹೋಗುತ್ತದೆ. ಸಂಬಂಧಪಟ್ಟ ಇಬ್ಬರೂ "ಹೇಳಿ ಮಾರಾಯ್ರೆ, ಹೆಸರು ಮಾತ್ರ ಬೇಡ" ಎಂದು ಒಪ್ಪಿಗೆ ಕೊಟ್ಟಿದ್ದಾರೆ.

ಗದ್ದೆಯ ಯಜಮಾನರಿಗೆ ಆಗ ನಲವತ್ತೊಂದು ವರ್ಷ. ಒಂದೂವರೆ ಎಕ್ರೆ ಗದ್ದೆ, ಇನ್ನೂರು ಅಡಿಕೆ ಮರ, ಎರಡು ದನ, ಹಾಸಿಗೆ ಹಿಡಿದ ತಾಯಿ. ಮದುವೆಯಾಗಿರಲಿಲ್ಲ. ಬೇಸಾಯ ನೆಚ್ಚಿದ ಗಂಡಿಗೆ ಹೆಣ್ಣು ಸಿಗುವುದು ಎಷ್ಟು ಕಷ್ಟವೆಂದು ನಮ್ಮ ಕಡೆಯ ತಾಯಂದಿರಿಗೆ ನಾನು ಹೇಳಬೇಕಾಗಿಲ್ಲ. ನಾನು ಅವರ ಮನೆಗೆ ಹೋದಾಗಲೆಲ್ಲ ಒಂದು ಕರಪತ್ರ ಕೊಡುತ್ತಿದ್ದೆ. ಅವರು ಅದನ್ನು ಕಣ್ಣಿಗೆ ಒತ್ತಿಕೊಳ್ಳುವಷ್ಟು ಮರ್ಯಾದೆಯಿಂದ ತೆಗೆದುಕೊಂಡು, "ಕನ್ನಡಕ ಒಳಗಿದೆ, ಆಮೇಲೆ ಓದುತ್ತೇನೆ" ಎನ್ನುತ್ತಿದ್ದರು. ಅವರು ಕನ್ನಡಕ ಹಾಕಿದ್ದನ್ನು ನಾನು ಒಂದು ದಿನವೂ ನೋಡಿರಲಿಲ್ಲ. ಅದು ನನಗೆ ಹೊಳೆಯಲೂ ಇಲ್ಲ.

ಆ ವರ್ಷ ಏಣೆಲಿನ ನೇಜಿಗೆ ಹುಳ ಬಿತ್ತು. ಅವರ ಮನೆಯಲ್ಲಿ ಎರಡು ಬಾಟಲಿ ಇದ್ದವು, ಒಂದು ಹುಳದ ಮದ್ದು, ಇನ್ನೊಂದು ತೋಟದ ಹುಲ್ಲು ಸಾಯಿಸುವ ಕಳೆನಾಶಕ. ಪೀಡೆನಾಶಕಗಳ ಬಾಟಲಿಯ ಮೇಲೆ ವಜ್ರಾಕಾರದ ಒಂದು ಗುರುತು ಇರುವುದನ್ನು ತಾವು ಕಂಡಿದ್ದೀರಿ. ಅದರ ಕೆಳಗಿನ ಅರ್ಧ ಕೆಂಪಾಗಿದ್ದರೆ ಅತ್ಯಂತ ಘೋರ ವಿಷ. ಅದಕ್ಕಿಂತ ಕಡಿಮೆ ಹಳದಿ, ಮತ್ತೂ ಕಡಿಮೆ ನೀಲಿ, ಕೊನೆಗೆ ಹಸಿರು. ಇದನ್ನು ನಾನೇ ಅವರಿಗೆ ಬಾಯಿಪಾಠ ಮಾಡಿಸಿದ್ದೆ. ಆದರೆ ಈ ಬಣ್ಣ ಹೇಳುವುದು ಮದ್ದು ಮನುಷ್ಯನಿಗೆ ಎಷ್ಟು ಅಪಾಯ ಎಂಬುದನ್ನು ಮಾತ್ರ. ಅದು ಹುಳಕ್ಕೋ ಹುಲ್ಲಿಗೋ ಎಂಬುದನ್ನು ಬಣ್ಣ ಹೇಳುವುದಿಲ್ಲ, ಅಕ್ಷರ ಹೇಳಬೇಕು. ಎರಡು ಬಾಟಲಿಗೂ ಒಂದೇ ಬಣ್ಣ. ಅವರು ಕಳೆನಾಶಕವನ್ನು ನೇಜಿಗೆ ಹೊಡೆದರು. ವಾರದೊಳಗೆ ನೇಜಿ ಹಳದಿಯಾಗಿ ಮಲಗಿತು.

ನಾನು ಹೋಗಿ ಬಾಟಲಿ ನೋಡಿ, "ಇದರಲ್ಲಿ ದಪ್ಪಕ್ಷರದಲ್ಲೇ ಬರೆದಿದೆಯಲ್ಲ!" ಎಂದು ಸ್ವಲ್ಪ ಜೋರಾಗಿಯೇ ಹೇಳಿದೆ. ಅವರು ಗದ್ದೆಯ ಹುಣಿಯ ಮೇಲೆ ಕುಳಿತು, ನನ್ನ ಮುಖ ನೋಡದೆ, "ನನಗೆ ಓದಲು ಬರುವುದಿಲ್ಲ ಸರ್" ಎಂದರು. ಕೆಲಸಕ್ಕೆ ಸೇರಿದ ಮೇಲೆ ನನಗೆ ಅಷ್ಟು ನಾಚಿಕೆಯಾದ ದಿನ ಇನ್ನೊಂದಿಲ್ಲ.

ತಂದೆ ತೀರಿಕೊಂಡಾಗ ಅವರು ಎರಡನೇ ಇಯತ್ತೆಯಲ್ಲಿದ್ದರಂತೆ. ಆ ಮೇಲೆ ದನ ಮೇಯಿಸುವ ಕೆಲಸ. 1990ರ ಹೊತ್ತಿಗೆ ಅವಿಭಜಿತ ದಕ್ಷಿಣ ಕನ್ನಡದಲ್ಲಿ ಸಾಕ್ಷರತಾ ಆಂದೋಲನ ಬಂದಾಗ ಅವರ ತಾಯಿ ಲಾಟೀನು ಹಿಡಿದು ಹೋಗಿ ಹೆಸರು ಬರೆಯಲು ಕಲಿತರು. ಮನೆಯಲ್ಲಿ ಓದುವುದಕ್ಕೆ ಏನೂ ಇಲ್ಲದೆ ನಾಲ್ಕು ವರ್ಷದಲ್ಲಿ ಮರೆತರು. ನೀರು ಹಾಯಿಸದಿದ್ದರೆ ನಟ್ಟ ಸಸಿಯ ಗತಿ ಏನೆಂದು ನಿಮಗೆ ಗೊತ್ತು. 2011ರ ಜನಗಣತಿಯ ಪ್ರಕಾರ ಉಡುಪಿ ಜಿಲ್ಲೆಯಲ್ಲಿ ನೂರಕ್ಕೆ 86 ಮಂದಿ ಅಕ್ಷರಸ್ಥರು. ರಾಜ್ಯದ ಲೆಕ್ಕ 75. ಹೆಮ್ಮೆಯ ಮಾತೇ. ಆದರೆ ಎಲ್ಲರೂ ಓದಬಲ್ಲ ಊರಿನಲ್ಲಿ ಓದಲಾರದವನು ಅದನ್ನು ಹೆಚ್ಚು ಬಚ್ಚಿಡಬೇಕಾಗುತ್ತದೆ.

2022ರಿಂದ 2027ರ ವರೆಗೆಂದು ರೂಪಿಸಿದ ನವ ಭಾರತ ಸಾಕ್ಷರತಾ ಕಾರ್ಯಕ್ರಮವು ಹದಿನೈದು ವರ್ಷ ದಾಟಿದ ಎಲ್ಲರಿಗೂ ಇದೆ. ಕಲಿಸುವವರು ಊರಿನ ಸ್ವಯಂಸೇವಕರೇ. ಹತ್ತಿರದಲ್ಲೇ ಒಬ್ಬ ಹೆಂಗಸು ಸಂಜೆ ತನ್ನ ಮನೆಯ ಜಗಲಿಯಲ್ಲಿ ಪಾಠ ಹೇಳುತ್ತಿದ್ದಾರೆಂದು ತಿಳಿಯಿತು. ಆಕೆಗೆ ಮೂವತ್ತೇಳು ವರ್ಷ. ಗಂಡ ತೀರಿಕೊಂಡು ಬಹುಕಾಲವಾಗಿತ್ತು. ಏಳನೆಯ ತರಗತಿ ಓದು, ಹೊಟ್ಟೆಪಾಡಿಗೆ ಬೀಡಿ. ಪಾಠ ಹೇಳುವಾಗಲೂ ತಡ್ಪೆ ಮಡಿಲಲ್ಲೇ ಇರುತ್ತಿತ್ತು. ವಿದ್ಯಾರ್ಥಿಗಳು ಆರು ಜನ ಹೆಂಗಸರು. ಏಳನೆಯವರಾಗಿ ನಮ್ಮ ಯಜಮಾನರು ಕಂಬದ ಮರೆಯಲ್ಲಿ ಕುಳಿತರು.

ಇಲ್ಲಿ ಒಂದು ಮುಖ್ಯ ಸಂಗತಿ. ನಮ್ಮ ಕಡೆ ಮನೆಮಾತು ತುಳು, ಪುಸ್ತಕದ ಮಾತು ಕನ್ನಡ. ಪ್ರಾಯ ಸಂದವರಿಗೆ ಇದು ಎರಡು ಹೊರೆ. ಆಕೆ ಮಾಡಿದ್ದೇನೆಂದರೆ, ಪುಸ್ತಕವನ್ನು ಸ್ವಲ್ಪ ಬದಿಗಿಟ್ಟು ಹಲಗೆಯ ಮೇಲೆ ಕನ್ನಡ ಅಕ್ಷರದಲ್ಲೇ ತುಳು ಬರೆದರು. "ಬಾರ್" ಎಂದರೆ ಭತ್ತ. ಅದಕ್ಕೆ ಒಂದು ಎತ್ವ ಹಚ್ಚಿದರು, "ಬಾರೆ", ಬಾಳೆಯಾಯಿತು! ನಮ್ಮವರು ಕಂಬದ ಮರೆಯಿಂದ ಈಚೆ ಬಂದದ್ದು ಆ ದಿನವಂತೆ. ಹುಟ್ಟಿದಂದಿನಿಂದ ಬೆಳೆದ ಎರಡು ಬೆಳೆ, ನಡುವೆ ಒಂದು ಗೀಟು. "ಇಷ್ಟೇಯಾ ಟೀಚರ್?" ಎಂದು ಕೇಳಿದರಂತೆ.

ತಪ್ಪು ಬರೆದರೆ ಆಕೆ ನಗುತ್ತಿರಲಿಲ್ಲ. ನಕ್ಕರೂ ತಾನು ಶಾಲೆಯಲ್ಲಿ ಮಾಡಿದ ತಪ್ಪು ನೆನಸಿಕೊಂಡು ನಗುತ್ತಿದ್ದರು. ಇದು ಸಣ್ಣ ಮಾತಲ್ಲ. ಕಾರ್ಕಳ ತಾಲೂಕಿನ ನಂದಳಿಕೆಯ ಮುದ್ದಣ ಕವಿ, 1901ರಲ್ಲಿ ಮೂವತ್ತೊಂದರ ಪ್ರಾಯದಲ್ಲೇ ಹೋಗಿಬಿಟ್ಟವರು, 'ಶ್ರೀ ರಾಮಾಶ್ವಮೇಧ'ದಲ್ಲಿ ಗಂಡ ಹೆಂಡಿರನ್ನು ಮಾತಿಗೆ ಕೂರಿಸಿದ್ದಾರೆ. ಗಂಡ ಬಿರುಸಾದ ಸಂಸ್ಕೃತದಲ್ಲಿ ಕಥೆ ತೊಡಗಿದರೆ ಮನೋರಮೆ ನನಗೆ ತಿಳಿಯಲಿಲ್ಲವೆಂದು ತಡೆಯುತ್ತಾಳೆ. ಅವನು ಕನ್ನಡಕ್ಕೆ ಇಳಿಯುತ್ತಾನೆ. ತಿಳಿಯಲಿಲ್ಲ ಎಂದು ಹೆದರದೆ ಹೇಳಬಹುದಾದ ಒಬ್ಬರು ಎದುರಿಗೆ ಇರಬೇಕು. ನಮ್ಮ ಯಜಮಾನರಿಗೆ ನಲವತ್ತು ವರ್ಷ ಅಂಥವರು ಸಿಕ್ಕಿರಲಿಲ್ಲ. ನನ್ನನ್ನೂ ಸೇರಿಸಿಯೇ ಹೇಳುತ್ತೇನೆ.

ಮೊದಮೊದಲು ಆಕೆ ಇವರನ್ನು 'ಅಣ್ಣ' ಎಂದೇ ಕರೆಯುತ್ತಿದ್ದರು. ದೀಪಾವಳಿ ಕಳೆಯುವಷ್ಟರಲ್ಲಿ ಆ ಶಬ್ದ ಬಿಟ್ಟುಹೋಗಿತ್ತು. ಇದನ್ನು ಮೊದಲು ಗಮನಿಸಿದವರು ಉಳಿದ ಆರು ವಿದ್ಯಾರ್ಥಿನಿಯರು, ನಾನಲ್ಲ. ಒಂದು ದಿನ ಇವರು ಮಣ್ಣು ಪರೀಕ್ಷೆಯ ಚೀಟಿಯ ಹಿಂಬದಿಗೆ ತುಳುವಿನಲ್ಲಿ ಒಂದು ಸಾಲು ಬರೆದು ತಡ್ಪೆಯ ಕೆಳಗೆ ಇಟ್ಟು ಬಂದರು: "ಈರ್ ಎನ್ನ ಇಲಡೆ ಬರ್ಪರಾ?" ನೀವು ನನ್ನ ಮನೆಗೆ ಬರುತ್ತೀರಾ ಎಂದು. ಮರುದಿನ ಚೀಟಿ ಹಿಂದಕ್ಕೆ ಬಂತು. 'ಇಲಡೆ'ಯ ಲಕಾರಕ್ಕೆ ಬಿಟ್ಟುಹೋದ ಒತ್ತನ್ನು ಕೆಂಪು ಪೆನ್ಸಿಲಿನಲ್ಲಿ ತಿದ್ದಿ, ಕೆಳಗೆ "ಬರ್ಪೆ" ಎಂದು ಬರೆದಿತ್ತು.

ಈಗ ಮೊಬೈಲಿನಲ್ಲಿ ಮಾತಾಡಿಯೇ ಕಳಿಸಬಹುದಲ್ಲ ಎನ್ನುವಿರಿ. ನಾನೂ ಹಾಗೆಯೇ ಕೇಳಿದೆ. "ಬಾಯಿಂದ ಹೇಳುವ ಧೈರ್ಯ ಇರಲಿಲ್ಲ ಸರ್, ಕೈಗೆ ಇತ್ತು" ಎಂದರು.

ಸುಲಭವಾಗಿ ಏನೂ ಆಗಲಿಲ್ಲ. ಆಕೆಯ ಕಡೆಯ ಹಿರಿಯರು ಎರಡು ವರ್ಷ ತಡೆದರು. "ಪಾಠ ಹೇಳುವ ನೆವದಲ್ಲಿ" ಎಂಬ ಮಾತೂ ಬಂತು. ಎರಡು ತಿಂಗಳು ಜಗಲಿಯ ಪಾಠ ನಿಂತೇ ಹೋಗಿತ್ತು. ಆ ಆರು ಹೆಂಗಸರೇ ಹೋಗಿ ಮಾತಾಡಿ ಮತ್ತೆ ಹಲಗೆ ತೂಗುಹಾಕಿಸಿದರು. ಇವರು ಓದು, ಬರಹ, ಲೆಕ್ಕ ತಲಾ 50ರಂತೆ 150 ಅಂಕದ ಪರೀಕ್ಷೆಗೂ ಕುಳಿತು ತೇರ್ಗಡೆಯಾದರು. ಲೆಕ್ಕದಲ್ಲೇ ಹೆಚ್ಚು ಅಂಕ. ಅಡಿಕೆ ಮಾರಿದವರಲ್ಲವೇ!

ಕಳೆದ ಬೇಸಗೆಯಲ್ಲಿ ನೋಂದಣಿ ಕಚೇರಿಯಲ್ಲಿ ಮದುವೆ. ನಾನೂ ಒಬ್ಬ ಸಾಕ್ಷಿ. ಗುಮಾಸ್ತರು ಅಭ್ಯಾಸಬಲದಿಂದ ಇವರ ಕಡೆಗೆ ಶಾಯಿಯ ಪ್ಯಾಡು ಸರಿಸಿದರು. ಇವರು ಅದನ್ನು ಮೆಲ್ಲನೆ ಹಿಂದಕ್ಕೆ ತಳ್ಳಿ ನನ್ನ ಜೇಬಿನ ಪೆನ್ನು ಕೇಳಿದರು. ಪೂರ್ತಿ ಹೆಸರು, ತಂದೆಯ ಹೆಸರು, ಊರು, ಕೇಳದಿದ್ದದ್ದನ್ನೂ ಬರೆದರು.

ತಮ್ಮ ನೆರೆಯಲ್ಲಿ "ಕನ್ನಡಕ ಒಳಗಿದೆ" ಎನ್ನುವವರು ಯಾರಾದರೂ ಇದ್ದರೆ ಗ್ರಾಮ ಪಂಚಾಯಿತಿಯಲ್ಲಿ ಪಾಠದ ವಿಚಾರ ಕೇಳಿಕೊಡಿ. ಮದ್ದಿನ ಬಾಟಲಿಯನ್ನು ಅವರ ಎದುರಿಗೆ ಓದಿ ಹೇಳಿ. ಕರಪತ್ರ ಕೊಟ್ಟು ಬಂದುಬಿಡಬೇಡಿ.

ಆಟಿ ಕಳೆದು ಸೋಣ ಸಂಕ್ರಮಣದಂದು ಪೆರ್ಡೂರಿನ ಅನಂತಪದ್ಮನಾಭ ದೇವರಲ್ಲಿಗೆ ಹೊಸ ಮದುಮಕ್ಕಳು ಜೋಡಿಯಾಗಿ ಬರುವ ರೂಢಿ ತಮಗೆ ಗೊತ್ತಿದೆ. ದೇವರಿಗೆ ಬಾಳೆಹಣ್ಣು ಪ್ರಿಯ. ಇಪ್ಪತ್ತರ ಹರೆಯದ ಜೋಡಿಗಳ ನಡುವೆ ಇವರಿಬ್ಬರೂ ಸಾಲಿನಲ್ಲಿ ನಿಂತಿದ್ದರು. ತಮ್ಮದೇ ತೋಟದ ಹಣ್ಣು ತಂದಿದ್ದರು. ನನ್ನನ್ನು ಕಂಡು ನಾಚಿಕೊಂಡ ಯಜಮಾನರು ಮಾತು ತಪ್ಪಿಸಲು ಗೋಡೆಯ ಮೇಲಿದ್ದ ಸೇವೆಗಳ ಪಟ್ಟಿಯನ್ನು ಮೇಲಿನಿಂದ ಗಟ್ಟಿಯಾಗಿ ಓದತೊಡಗಿದರು. ಮೂರನೆಯ ಸಾಲಿಗೆ ಆಕೆ, "ಅದು ಶ ಅಲ್ಲ, ಷ" ಎಂದರು.