ಕುರು ಎದ್ದರೆ ಕೌಂಟರಿಗಲ್ಲ, ಡಾಕ್ಟರ ಬಳಿಗೆ

(ಬೆಂಗಳೂರಿನ ಯುವಕ ಯುವತಿಯರ ಕೂಟವೊಂದರಲ್ಲಿ ಆಡಿದ ಮಾತಿನ ಬರಹ ರೂಪ)



ಬೆಂಗಳೂರಿನ ಅತಿ ದೊಡ್ಡ ಚರ್ಮದ ಆಸ್ಪತ್ರೆ ಯಾವುದು ಗೊತ್ತೇ? ವಿಕ್ಟೋರಿಯಾ ಅಲ್ಲ, ಬೌರಿಂಗ್ ಕೂಡ ಅಲ್ಲ. ನಿಮ್ಮ ಬೀದಿ ಮೂಲೆಯ ಮೆಡಿಕಲ್ ಸ್ಟೋರು! ಅಲ್ಲಿ ಸಾಲು ನಿಲ್ಲಬೇಕಿಲ್ಲ. ಫೀಸು ಕೊಡಬೇಕಿಲ್ಲ. ಬಟ್ಟೆ ಸರಿಸಿ ತೋರಿಸುವ ನಾಚಿಕೆಯೂ ಇಲ್ಲ. "ಅಣ್ಣಾ, ತೊಡೆ ಮೇಲೆ ಏನೋ ಅಲರ್ಜಿ ಆಗಿದೆ, ಒಂದು ಕ್ರೀಮ್ ಕೊಡಿ" ಎಂದರೆ ಸಾಕು. ಅವನು ನೋಡುವುದಿಲ್ಲ, ನೀವು ತೋರಿಸುವುದಿಲ್ಲ. ಟ್ಯೂಬು ಜೇಬಿಗೆ, ದುಡ್ಡು ಗಲ್ಲಾಕ್ಕೆ. ವ್ಯವಹಾರ ಮುಗಿಯಿತು.

ಮುಗಿಯಿತೇ? ಇಲ್ಲ. ಶುರುವಾಗುವುದೇ ಅಲ್ಲಿಂದ.

ಹಾಗೆ ಕೈಗೆ ಬರುವ ಟ್ಯೂಬಿನಲ್ಲಿ ಬಹಳ ಸಲ ಇರುವುದು ಮೂರು ಬೆರಕೆಯ ಮುಲಾಮು. ಬ್ಯಾಕ್ಟೀರಿಯಾಕ್ಕೊಂದು ಮದ್ದು, ಬೂಷ್ಟಿನ ಜಾತಿಯ ಶಿಲೀಂಧ್ರಕ್ಕೊಂದು ಮದ್ದು, ಜೊತೆಗೆ ಒಂದು ಸ್ಟೀರಾಯ್ಡು. ಕತ್ತಲೆಯಲ್ಲಿ ಮೂರು ಕಲ್ಲು ಎಸೆದು, ಯಾವುದಾದರೊಂದು ತಾಗಲಿ ಎಂದು ಕಾದ ಹಾಗೆ. ಸ್ಟೀರಾಯ್ಡಿನ ಗುಣವೇ ಅಂಥದು. ಹಚ್ಚಿದ ಎರಡು ದಿನಕ್ಕೆ ಕೆಂಪು ಇಳಿಯುತ್ತದೆ, ತುರಿಕೆ ನಿಲ್ಲುತ್ತದೆ. "ವಾಸಿಯಾಯ್ತು!" ಎಂದು ನೀವು ಬೀಗುತ್ತೀರಿ. ಒಳಗೆ ಏನಾಗಿದೆ? ರೋಗದ ಜೊತೆ ಹೋರಾಡುತ್ತಿದ್ದ ನಿಮ್ಮ ಚರ್ಮದ ಕೈಯನ್ನೇ ಅದು ಕಟ್ಟಿಹಾಕಿದೆ. ರೋಗಾಣು ಆರಾಮಾಗಿ ಹರಡುತ್ತದೆ. ತಿಂಗಳುಗಟ್ಟಲೆ ಹಚ್ಚಿದರೆ ಚರ್ಮ ತೆಳ್ಳಗಾಗುತ್ತದೆ, ತೊಡೆಸಂದಿಯಲ್ಲಿ ಬರೆ ಬಿದ್ದ ಹಾಗೆ ಗೆರೆ ಮೂಡುತ್ತದೆ, ಮುಖ ಕೆಂಪೇರಿ ಉರಿಯುತ್ತದೆ. ಆ ಗೆರೆ ಮತ್ತೆ ಪೂರ್ತಿ ಹೋಗುವುದಿಲ್ಲ. ಹುಳುಕಡ್ಡಿಯಾಗಿದ್ದರೆ ಅದರ ಗುರುತೇ ಬದಲಾಗಿ, ಮುಂದೆ ನೋಡುವ ಡಾಕ್ಟರಿಗೂ ಕಂಡುಹಿಡಿಯುವುದು ಕಷ್ಟವಾಗುತ್ತದೆ. ಇದಕ್ಕೆಂದೇ 2018ರಲ್ಲಿ ಕೇಂದ್ರ ಸರ್ಕಾರ ಇಂಥ ಹಲವು ಸ್ಟೀರಾಯ್ಡ್ ಮುಲಾಮುಗಳನ್ನು ಶೆಡ್ಯೂಲ್ ಎಚ್ ಪಟ್ಟಿಗೆ ಸೇರಿಸಿತು. ಅಂದರೆ ಡಾಕ್ಟರ ಚೀಟಿ ಇಲ್ಲದೆ ಮಾರುವಂತಿಲ್ಲ. ಕಾನೂನು ಪುಸ್ತಕದಲ್ಲಿದೆ. ಟ್ಯೂಬು ಕೌಂಟರಿನ ಮೇಲಿದೆ!

ಅಲರ್ಜಿ ಅಂತ ಅಂದವರು ಯಾರು?

ನಮ್ಮ ಹುಡುಗರಿಗೆ ಚರ್ಮದ ಮೇಲೆ ಏನೇ ಆದರೂ ಎರಡೇ ಪದ. ಒಂದು ಅಲರ್ಜಿ, ಇನ್ನೊಂದು ಇನ್ಫೆಕ್ಷನ್. ನಮ್ಮ ಅಜ್ಜಿಯರನ್ನು ಕೇಳಿ ನೋಡಿ. ಕಜ್ಜಿ ಬೇರೆ, ಇಸುಬು ಬೇರೆ, ಹುಳುಕಡ್ಡಿ ಬೇರೆ, ಚಿಬ್ಬು ಬೇರೆ, ಸರ್ಪಸುತ್ತು ಬೇರೆ, ಉಗುರುಸುತ್ತು ಬೇರೆ, ಕುರು ಬೇರೆ. ಬೊಬ್ಬೆ, ಗುಳ್ಳೆ, ಬಾವು, ಹಕ್ಕಳೆ, ಕೀವು, ರಸಿಗೆ ಇವೆಲ್ಲ ಬೇರೆ ಬೇರೆ. ಚರ್ಮದ ಕಾಯಿಲೆಯನ್ನು ಬಣ್ಣಿಸಲು ಕನ್ನಡಕ್ಕೆ ಪದಗಳ ಬಡತನ ಇಲ್ಲ. ಬಡತನ ಇರುವುದು ನಮ್ಮ ನಾಲಿಗೆಯಲ್ಲಿ.

ನಾನು ಇವತ್ತು ಮಾತಾಡುತ್ತಿರುವುದು ಬ್ಯಾಕ್ಟೀರಿಯಾದಿಂದ ಬರುವ ಚರ್ಮದ ಸೋಂಕಿನ ಬಗ್ಗೆ. ಇದರ ಮುಖ್ಯ ಆಸಾಮಿ ಸ್ಟೆಫೈಲೊಕಾಕಸ್. 1880ರ ದಶಕದ ಹೊಸ್ತಿಲಲ್ಲಿ ಸ್ಕಾಟ್ಲೆಂಡಿನ ಅಲೆಗ್ಸಾಂಡರ್ ಆಗ್‌ಸ್ಟನ್ ಎಂಬ ಶಸ್ತ್ರವೈದ್ಯ ಬಾವಿನ ಕೀವನ್ನು ಸೂಕ್ಷ್ಮದರ್ಶಕದಡಿ ಇಟ್ಟು ನೋಡಿದ. ದ್ರಾಕ್ಷಿ ಗೊಂಚಲಿನ ಹಾಗೆ ಕಂಡ ಜೀವಿಗಳಿಗೆ ಗ್ರೀಕ್ ಭಾಷೆಯಿಂದ ಆ ಹೆಸರಿಟ್ಟ. ನಮ್ಮಲ್ಲಿ ಸುಮಾರು ಮೂವರಲ್ಲಿ ಒಬ್ಬರ ಮೂಗಿನಲ್ಲಿ ಇದು ಸುಮ್ಮನೆ ವಾಸವಾಗಿರುತ್ತದೆ, ತೊಂದರೆ ಕೊಡುವುದಿಲ್ಲ. ಷೇವಿಂಗಿನ ಗೀರು, ತುರಿಸಿದ ಗಾಯ, ಬಿಗಿ ಪ್ಯಾಂಟಿನ ಉಜ್ಜು, ಬೆವರಿನ ಹೆಲ್ಮೆಟ್ಟು, ಯಾವುದಾದರೂ ಬಾಗಿಲು ತೆರೆದರೆ ಒಳಗೆ ನುಗ್ಗುತ್ತದೆ.

ಕೂದಲ ಬುಡದಲ್ಲಿ ಸಣ್ಣ ಕೀವುಗುಳ್ಳೆ ಕಟ್ಟಿದರೆ ಅದು ಕೂದಲ ಬುಡದ ಸೋಂಕು. ಅದೇ ಆಳಕ್ಕಿಳಿದು ಕೆಂಪಾಗಿ ನೋಯುತ್ತಾ ಗಟ್ಟಿಯಾದರೆ ಕುರು. ಹಲವು ಕುರು ಒಂದಾಗಿ ಬೆನ್ನ ಮೇಲೋ ಕತ್ತಿನ ಹಿಂದೋ ಎದ್ದರೆ ಹಳಬರು ಬೆನ್ನುಫಣಿ ಎನ್ನುತ್ತಿದ್ದರು. 1782ರ ಡಿಸೆಂಬರಿನಲ್ಲಿ ಹೈದರಾಲಿ ತೀರಿಕೊಂಡದ್ದು ಬೆನ್ನ ಮೇಲೆ ಎದ್ದ ರೋಗದಿಂದ. ಅದನ್ನು ಬೆನ್ನುಫಣಿ ಎಂದವರಿದ್ದಾರೆ, ಕ್ಯಾನ್ಸರ್ ಎಂದವರೂ ಇದ್ದಾರೆ. ಸೈನ್ಯ ಕಟ್ಟಿದವನಿಗೂ ಆ ಕಾಲದಲ್ಲಿ ಆಂಟಿಬಯಾಟಿಕ್ ಇರಲಿಲ್ಲ. ನಮಗೆ ಇದೆ. ಇದ್ದೂ ಕೆಡಿಸಿಕೊಳ್ಳುತ್ತಿದ್ದೇವೆ.

ಮಕ್ಕಳ ಮೂಗು ಬಾಯಿಯ ಸುತ್ತ ಗುಳ್ಳೆ ಎದ್ದು ಒಡೆದು, ಜೇನುತುಪ್ಪದ ಬಣ್ಣದ ಹಕ್ಕಳೆ ಕಟ್ಟುತ್ತದಲ್ಲ, ಅದಕ್ಕೆ ಇಂಪೆಟಿಗೊ ಎಂದು ಹೆಸರು. ಇದು ಮುಟ್ಟಿದರೆ ಹರಡುತ್ತದೆ. ಸ್ಟ್ರೆಪ್ಟೊಕಾಕಸ್ ಎಂಬ ಇನ್ನೊಂದು ಬ್ಯಾಕ್ಟೀರಿಯಾವೂ ಇದಕ್ಕೆ ಕಾರಣ. ಆ ಜಾತಿಯದಾದರೆ ಹುಣ್ಣು ಮಾಯ್ದ ಎರಡು ಮೂರು ವಾರದ ಮೇಲೆ ಮೂತ್ರಪಿಂಡ ಊದಿಕೊಳ್ಳುವುದೂ ಉಂಟು. ಮಗುವಿನ ಮುಖ ಊದಿದರೆ, ಮೂತ್ರ ಕಡುಚಹಾದ ಬಣ್ಣಕ್ಕೆ ತಿರುಗಿದರೆ ತಡಮಾಡಬೇಡಿ. "ಬರೀ ಕಜ್ಜಿ ತಾನೇ" ಅನ್ನುವ ಮಾತು ಎಲ್ಲಿಗೆ ಮುಟ್ಟುತ್ತದೆ ನೋಡಿ.

ಅದೇ ದಿನ ಹೋಗಬೇಕಾದ್ದು ಯಾವಾಗ?

ಸಣ್ಣ ಕುರುವಿಗೆಲ್ಲ ಹೆದರಬೇಕಿಲ್ಲ. ಶುದ್ಧ ಬಟ್ಟೆಯನ್ನು ಬೆಚ್ಚನೆ ನೀರಿನಲ್ಲಿ ಅದ್ದಿ ದಿನಕ್ಕೆ ಮೂರು ನಾಲ್ಕು ಸಲ ಹತ್ತು ನಿಮಿಷ ಶಾಖ ಕೊಟ್ಟರೆ ಹಲವು ತಾವಾಗಿ ಒಡೆದು ಮಾಯುತ್ತವೆ. ಆದರೆ ಹಿಸುಕಬೇಡಿ, ಪಿನ್ನು ಚುಚ್ಚಬೇಡಿ, ಸುಣ್ಣ ಮೆತ್ತಬೇಡಿ. ಮೂಗಿನ ಮೇಲೆ, ಮೇಲ್ತುಟಿಯ ಮೇಲೆ ಎದ್ದದ್ದನ್ನಂತೂ ಮುಟ್ಟಲೇಬೇಡಿ. ಆ ಜಾಗದ ರಕ್ತನಾಳಗಳಿಗೆ ತಲೆಬುರುಡೆಯ ಒಳಗಿನ ನಾಳಗಳ ಜೊತೆ ಸಂಬಂಧ ಇದೆ.

ಈ ಗುರುತುಗಳು ಕಂಡರೆ ಮಾತ್ರ ಅದೇ ದಿನ ಹೊರಡಿ. ಕೆಂಪು ಗಂಟೆ ಗಂಟೆಗೂ ಹರಡುತ್ತಿದ್ದರೆ. ಮುಟ್ಟಿದರೆ ಬಿಸಿಯಿದ್ದು, ಕಾಲು ಊದಿ, ನೋವು ಹೆಚ್ಚುತ್ತಿದ್ದರೆ. ಜ್ವರ, ಚಳಿ ಬಂದರೆ. ಗಾಯದಿಂದ ಮೇಲಕ್ಕೆ ಕೆಂಪು ಗೆರೆ ಎದ್ದರೆ. ಕಣ್ಣಿನ ಸುತ್ತ ಊದಿದರೆ. ಮನೆಯಲ್ಲಿ ಸಕ್ಕರೆ ಕಾಯಿಲೆಯವರಿಗೆ, ಕೂಸಿಗೆ, ಬಸುರಿಗೆ ಬಂದರೆ. ಪೆನ್ನಿನಿಂದ ಕೆಂಪಿನ ಅಂಚಿಗೆ ಒಂದು ಗೆರೆ ಎಳೆದು ಹೊತ್ತು ಬರೆದಿಡಿ. ಗೆರೆ ದಾಟಿತೇ? ಡಾಕ್ಟರಿಗೆ ಅದಕ್ಕಿಂತ ಒಳ್ಳೆಯ ಸಾಕ್ಷಿ ಬೇಕಿಲ್ಲ.

ಹೋಗುವುದು ಯಾರ ಬಳಿಗೆ?

ಇಲ್ಲಿಯೇ ನಮ್ಮ ಊರು ದಾರಿ ತಪ್ಪಿಸುವುದು. ಮೇನ್ ರೋಡಿನಲ್ಲಿ ತಲೆ ಎತ್ತಿದರೆ "ಸ್ಕಿನ್ ಕ್ಲಿನಿಕ್" ಬೋರ್ಡುಗಳದೇ ಜಾತ್ರೆ. ಬಿಳಿಯಾಗಿಸುತ್ತೇವೆ, ಕೂದಲು ನೆಡುತ್ತೇವೆ, ಲೇಸರ್ ಬಿಡುತ್ತೇವೆ! ಅವುಗಳಲ್ಲಿ ಒಳ್ಳೆಯ ತಜ್ಞರು ಇರುವವೂ ಇವೆ, ತಜ್ಞರೇ ಇಲ್ಲದವೂ ಇವೆ. ಇನ್ನೊಂದು ಕಡೆ ಮೆಜೆಸ್ಟಿಕ್ ಸುತ್ತಿನ ಗೋಡೆಗಳ "ಗುಪ್ತರೋಗ" ಪೋಸ್ಟರು. ಇವೆರಡರ ನಡುವೆ ಕುರು ಎದ್ದ ಹುಡುಗ ಎಲ್ಲಿಗೆ ಹೋಗಬೇಕು?

ಮೊದಲ ಮಾತು. ಕುರುವಿಗೂ ಇಂಪೆಟಿಗೊಗೂ ಶುರುವಿನಲ್ಲೇ ಚರ್ಮತಜ್ಞರು ಬೇಕೆಂದಿಲ್ಲ. ನಿಮ್ಮ ಬಡಾವಣೆಯ ಎಂ.ಬಿ.ಬಿ.ಎಸ್. ಡಾಕ್ಟರು ಸಾಕು. 2022ರ ಡಿಸೆಂಬರಿನಿಂದ ರಾಜ್ಯದಲ್ಲಿ ಶುರುವಾದ "ನಮ್ಮ ಕ್ಲಿನಿಕ್" ಹತ್ತಿರದಲ್ಲಿದ್ದರೆ ಅಲ್ಲಿಗೆ ಹೋಗಿ. ಪರೀಕ್ಷೆಗೂ ಔಷಧಕ್ಕೂ ಕಾಸಿಲ್ಲ. ಉಗುರಿನಲ್ಲಿ ಹೋಗುವುದಕ್ಕೆ ಕೊಡಲಿ ಯಾಕೆ?

ಎರಡನೆಯ ಮಾತು. ಮದ್ದು ಶುರುಮಾಡಿ ಎರಡು ಮೂರು ದಿನವಾದರೂ ಇಳಿಯದಿದ್ದರೆ, ಮತ್ತೆ ಮತ್ತೆ ಬರುತ್ತಿದ್ದರೆ, ಏನೆಂದೇ ಗುರುತು ಸಿಗದಿದ್ದರೆ ಆಗ ತಜ್ಞರು. ಬೋರ್ಡಿನಲ್ಲಿ ಎಂ.ಬಿ.ಬಿ.ಎಸ್. ಆದಮೇಲೆ ಏನಿದೆ ಓದಿ. ಎಂ.ಡಿ. ಡಿ.ವಿ.ಎಲ್., ಡಿ.ಡಿ.ವಿ.ಎಲ್., ಡಿ.ವಿ.ಡಿ., ಅಥವಾ ಚರ್ಮರೋಗದ ಡಿ.ಎನ್.ಬಿ. ಇರಬೇಕು. ಡಿ.ವಿ.ಎಲ್. ಎಂದರೆ ಚರ್ಮ, ಲೈಂಗಿಕ ರೋಗ ಮತ್ತು ಕುಷ್ಠ. ಮೂರನ್ನೂ ಒಟ್ಟಿಗೆ ಓದಿದವರೇ ಚರ್ಮತಜ್ಞರು. ಆದ್ದರಿಂದ "ಚರ್ಮ ಮತ್ತು ಲೈಂಗಿಕ ರೋಗ" ಎಂಬ ಬೋರ್ಡಿನಡಿ ಯಾರಾದರೂ ನೋಡಿಬಿಟ್ಟರೆ ಎಂದು ನಾಚಿ ತಿರುಗಿ ಬರಬೇಡಿ. ಆ ಬೋರ್ಡು ನಿಮ್ಮ ನಡತೆಯ ಸರ್ಟಿಫಿಕೇಟ್ ಅಲ್ಲ, ಡಾಕ್ಟರ ಓದಿನ ಸರ್ಟಿಫಿಕೇಟ್!

ಮೂರನೆಯ ಮಾತು. ಡಾಕ್ಟರು ತಮ್ಮ ನೋಂದಣಿ ಸಂಖ್ಯೆಯನ್ನು ಕ್ಲಿನಿಕ್ಕಿನಲ್ಲಿ ಹಾಕಬೇಕು, ಚೀಟಿಯಲ್ಲೂ ಬರೆಯಬೇಕು. ಇದು 2002ರ ವೈದ್ಯಕೀಯ ನಡಾವಳಿಯ ನಿಯಮ. ಕರ್ನಾಟಕ ವೈದ್ಯಕೀಯ ಪರಿಷತ್ತಿನ ಪಟ್ಟಿಯಲ್ಲಿ ಹೆಸರು ಇದೆಯೇ ನೋಡಬಹುದು. ಖಾಸಗಿ ಕ್ಲಿನಿಕ್ಕು 2007ರ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯಡಿ ನೋಂದಣಿ ಆಗಿರಬೇಕು. ಮೊಬೈಲು ಕೊಳ್ಳುವಾಗ ಹತ್ತು ಅಂಗಡಿ ಸುತ್ತುತ್ತೀರಿ. ಮೈ ಒಪ್ಪಿಸುವಾಗ ಗೋಡೆಯ ಮೇಲಿನ ಒಂದು ಸಾಲು ಓದಲಾರಿರೇ?

ನಾಲ್ಕನೆಯದು. ದುಡ್ಡಿಲ್ಲವೇ? ವಿಕ್ಟೋರಿಯಾ, ಶಿವಾಜಿನಗರದ ಬೌರಿಂಗ್, ಮೈಸೂರಿನ ಕೆ.ಆರ್. ಆಸ್ಪತ್ರೆ, ನಿಮ್ಮ ಜಿಲ್ಲೆಯ ಸರ್ಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆ, ಎಲ್ಲ ಕಡೆ ಚರ್ಮರೋಗ ವಿಭಾಗ ಇದೆ. ಸಾಲು ಉದ್ದ, ನಿಜ. ಬೆಳಿಗ್ಗೆ ಬೇಗ ಹೋಗಿ. ಅಲ್ಲಿ ಕೂತವರು ದಿನವೂ ನೋಡುವ ಚರ್ಮಗಳ ಲೆಕ್ಕ ದೊಡ್ಡದು. ಅನುಭವಕ್ಕೆ ಏರ್ ಕಂಡೀಷನ್ ಬೇಕಿಲ್ಲ.

ಕನ್ನಡದಲ್ಲಿ ಹೇಳಿ, ಕನ್ನಡದಲ್ಲಿ ಕೇಳಿ

ಚರ್ಮದ ಕಾಯಿಲೆಯ ಅರ್ಧ ಪತ್ತೆ ಕಣ್ಣಿನಿಂದ, ಇನ್ನರ್ಧ ಕಥೆಯಿಂದ. ಯಾವತ್ತು ಎದ್ದಿತು? ಮೊದಲು ಎಲ್ಲಿ? ತುರಿಸುತ್ತದೋ, ನೋಯುತ್ತದೋ, ಉರಿಯುತ್ತದೋ? ಬರುವುದು ಕೀವೋ, ನೀರೋ? ಮನೆಯಲ್ಲಿ, ರೂಮಿನಲ್ಲಿ ಬೇರೆ ಯಾರಿಗಾದರೂ ಇದೆಯೋ? ಏನೇನು ಹಚ್ಚಿದ್ದೀರಿ? ಇದನ್ನೆಲ್ಲ ಹರುಕು ಇಂಗ್ಲಿಷಿನಲ್ಲಿ ಹೇಳಲು ಹೋಗಿ "ಸಮ್ ಪ್ರಾಬ್ಲಮ್ ಡಾಕ್ಟರ್" ಅಂದರೆ ಅವರಿಗೇನು ಹೊಳೆಯಬೇಕು? "ನಾಲ್ಕು ದಿನದಿಂದ ಕಂಕುಳಲ್ಲಿ ಕುರು ಎದ್ದಿದೆ, ನಿನ್ನೆಯಿಂದ ಸಳಸಳ ನೋಯ್ತಿದೆ, ರಾತ್ರಿ ಚಳಿ ಬಂತು" ಅನ್ನಿ. ಅದು ರೋಗದ ಚಿತ್ರ. ಹಚ್ಚಿದ ಟ್ಯೂಬನ್ನೂ ಜೊತೆಗೇ ಒಯ್ಯಿರಿ. ಬೈಸಿಕೊಳ್ಳಲು ಹೆದರಬೇಡಿ.

ಡಾಕ್ಟರಿಗೆ ಕನ್ನಡ ಬಾರದಿದ್ದರೆ? ಜಗಳ ತೆಗೆಯುವ ಹೊತ್ತು ಅದಲ್ಲ. ನೋವಿರುವ ಜಾಗ ತೋರಿಸಿ, ಆ ಪದವನ್ನು ಹೇಳಿಕೊಡಿ. ಕೀವು, ತುರಿಕೆ, ಉರಿ, ಬಾವು, ಕುರು, ಇಂಥ ಹತ್ತು ಪದ ಕಲಿತ ಡಾಕ್ಟರು ನಾಳೆ ಹಳ್ಳಿಯಿಂದ ಬಂದ ಒಬ್ಬ ತಾಯಿಯ ಮಾತು ಅರ್ಥ ಮಾಡಿಕೊಳ್ಳುತ್ತಾರೆ. ನಿಮ್ಮ ಮನೆಯ ಅಜ್ಜಿಯೋ, ಪಕ್ಕದ ಮನೆಯ ಕೂಲಿಯವರೋ ಹೊರಟರೆ ನೀವೂ ಜೊತೆಗೆ ಹೋಗಿ. ಅವರ ಬದಲು ನೀವು ಮಾತಾಡಬೇಡಿ. ಅವರು ಆಡಿದ್ದನ್ನು ದಾಟಿಸಿ.

ಇನ್ನು ಚೀಟಿ. ಔಷಧದ ಹೆಸರನ್ನು ಓದಲು ಬರುವಂತೆ, ಆದಷ್ಟು ದೊಡ್ಡ ಅಕ್ಷರದಲ್ಲಿ ಬರೆಯಬೇಕೆಂದು 2016ರಲ್ಲೇ ನಿಯಮ ಬಂದಿದೆ. 2024ರಲ್ಲಿ ಕನ್ನಡ ಅಭಿವೃದ್ಧಿ ಪ್ರಾಧಿಕಾರ, ಸರ್ಕಾರಿ ವೈದ್ಯರು ಚೀಟಿಯನ್ನು ಕನ್ನಡದಲ್ಲಿ ಬರೆಯಲಿ ಎಂದು ಆರೋಗ್ಯ ಸಚಿವರನ್ನು ಕೇಳಿತು. ಅದು ಆಗುವವರೆಗೆ ಕಾಯಬೇಕೇ? ಬೇಡ. ಔಷಧದ ಹೆಸರು ಯಾವ ಲಿಪಿಯಲ್ಲಾದರೂ ಇರಲಿ. "ಎಷ್ಟು, ಯಾವಾಗ, ಊಟಕ್ಕೆ ಮುಂಚೆಯೋ ಆಮೇಲೋ, ಎಷ್ಟು ದಿನ, ಮತ್ತೆ ಯಾವತ್ತು ಬರಬೇಕು" ಈ ಐದನ್ನು ಕನ್ನಡದಲ್ಲಿ ಕೇಳಿ, ಚೀಟಿಯ ಹಿಂದೆ ನೀವೇ ಬರೆದುಕೊಳ್ಳಿ. ತಾಯಿ ಮಗುವಿನ ಆರೈಕೆಯನ್ನು, ಗಂಡಹೆಂಡಿರ ಆರೋಗ್ಯವನ್ನು ಕನ್ನಡದಲ್ಲಿ ಬಿಡಿಸಿ ಬರೆದ ಡಾ. ಅನುಪಮಾ ನಿರಂಜನ ಹುಟ್ಟಿದ ನಾಡು ಇದು. ಕನ್ನಡದಲ್ಲಿ ವೈದ್ಯ ಹೇಳಲು ಬರುವುದಿಲ್ಲ ಎಂದರೆ ಒಪ್ಪಬೇಡಿ.

ಮದ್ದು ಅರ್ಧಕ್ಕೆ ನಿಲ್ಲಿಸಿದರೆ

ಕೀವು ತುಂಬಿದ ಕುರುವಿಗೆ ಮಾತ್ರೆಗಿಂತ ಸಣ್ಣದೊಂದು ಗೀರೇ ದೊಡ್ಡ ಮದ್ದು. ಡಾಕ್ಟರು ಮರಗಟ್ಟಿಸಿ ಕೀವು ತೆಗೆದರೆ ಅಂದೇ ಹಗುರ. ಹಕ್ಕಳೆಯ ಹುಣ್ಣು ಸ್ವಲ್ಪವೇ ಇದ್ದರೆ ಮ್ಯೂಪಿರೋಸಿನ್‌ನಂಥ ಮುಲಾಮು ಸಾಕಾಗಬಹುದು. ಹರಡಿದ್ದರೆ ಮಾತ್ರೆ ಬರೆಯುತ್ತಾರೆ. ಪದೇ ಪದೇ ಕುರು ಏಳುವವರಿಗೆ ರಕ್ತದ ಸಕ್ಕರೆ ನೋಡುತ್ತಾರೆ, ಕೀವನ್ನು ಪರೀಕ್ಷೆಗೆ ಕಳಿಸುತ್ತಾರೆ. ಯಾವ ಮದ್ದಿಗೆ ಬಗ್ಗುತ್ತದೆ ಎಂದು ಆಗ ಗೊತ್ತಾಗುತ್ತದೆ.

ಮಾತ್ರೆಯ ಪಟ್ಟಿಯ ಮೇಲೆ ಕೆಂಪು ಗೆರೆ ಇದ್ದರೆ ಅದು ಚೀಟಿ ಇಲ್ಲದೆ ಕೊಳ್ಳಬಾರದ ಔಷಧ. ಈ ಗೆರೆಯ ಬಗ್ಗೆ ಸರ್ಕಾರ 2016ರಲ್ಲಿ ಪ್ರಚಾರವನ್ನೂ ಮಾಡಿತು. ಐದು ದಿನ ಎಂದರೆ ಐದು ದಿನ, ಏಳು ಎಂದರೆ ಏಳು. ಮೂರನೆಯ ದಿನ ನೋವು ಹೋಯಿತೆಂದು ಉಳಿದದ್ದನ್ನು ರೂಮ್‌ಮೇಟಿಗೆ ದಾನ ಮಾಡಬೇಡಿ. ಪೆನಿಸಿಲಿನ್ ಕಂಡದ್ದು 1928ರಲ್ಲಿ. ಅದಕ್ಕೆ ಬಗ್ಗದ ಸ್ಟೆಫೈಲೊಕಾಕಸ್‌ಗೆಂದು ಮೆಥಿಸಿಲಿನ್ ಬಂದದ್ದು 1959ರಲ್ಲಿ. ಅದಕ್ಕೂ ಬಗ್ಗದ ತಳಿ ಇಂಗ್ಲೆಂಡಿನಲ್ಲಿ ಸಿಕ್ಕಿದ್ದು 1961ರಲ್ಲಿ! ಎರಡೇ ವರ್ಷ. ರೋಗಾಣು ನಮಗಿಂತ ಚುರುಕಾಗಿ ಪಾಠ ಕಲಿಯುತ್ತದೆ. ಕಲಿಸುವವರು ನಾವೇ.

ಪಿ.ಜಿ.ಯಲ್ಲಿ, ಹಾಸ್ಟೆಲಿನಲ್ಲಿ ಇರುವವರಿಗೆ ಇನ್ನೊಂದು ಮಾತು. ಟವೆಲು, ರೇಜರು, ಸೋಪು, ಒಳಉಡುಪು ಇವುಗಳಲ್ಲಿ ಸ್ನೇಹ ಬೇಡ. ಗಾಯ ಮುಚ್ಚಿಡಿ, ಕೈ ತೊಳೆಯಿರಿ, ಹಾಸಿಗೆ ಬಟ್ಟೆಯನ್ನು ಬಿಸಿನೀರಲ್ಲಿ ಒಗೆದು ಬಿಸಿಲಿಗೆ ಹಾಕಿ. ಸಲೂನಿನಲ್ಲಿ ಹೊಸ ಬ್ಲೇಡು ಹಾಕಿಸಿಕೊಳ್ಳುವುದು ನಿಮ್ಮ ಹಕ್ಕು. ಬಾಯಿಬಿಟ್ಟು ಕೇಳಿ.

ಈ ಮಾತು ಕೇಳಿದವರು ಈ ವಾರ ಒಂದು ಕೆಲಸ ಮಾಡಿ. ನಿಮ್ಮ ಬಡಾವಣೆಯ ನಮ್ಮ ಕ್ಲಿನಿಕ್ ಎಲ್ಲಿದೆ, ಹತ್ತಿರದ ಎಂ.ಬಿ.ಬಿ.ಎಸ್. ಡಾಕ್ಟರು ಯಾರು, ನಿಜವಾದ ಚರ್ಮತಜ್ಞರು ಎಲ್ಲಿ ಕೂರುತ್ತಾರೆ, ಯಾವ ಹೊತ್ತಿಗೆ, ಕನ್ನಡ ಬರುತ್ತದೆಯೇ, ಇಷ್ಟನ್ನು ವಿಚಾರಿಸಿ ಕನ್ನಡದಲ್ಲಿ ಒಂದು ಹಾಳೆ ಬರೆಯಿರಿ. ಪಿ.ಜಿ.ಯ ಗೋಡೆಗೆ, ಗ್ರಂಥಾಲಯದ ಬಾಗಿಲಿಗೆ, ಆಟೋ ಸ್ಟ್ಯಾಂಡಿಗೆ ಅಂಟಿಸಿ. ರಾತ್ರಿ ಹತ್ತಕ್ಕೆ ಕಾಲು ಊದಿಕೊಂಡು ಕೂತ ಯಾರೋ ಒಬ್ಬನಿಗೆ ಆ ಹಾಳೆ ದಾರಿ ತೋರಿಸುತ್ತದೆ.