ಹಿತ್ತಲಿನ ಬೊಡ್ಡೆಯನ್ನು ಏನು ಮಾಡೋಣ?



ಮನೆಯ ಹಿತ್ತಲಿನಲ್ಲಿ ಮರ ಕಡಿಸಿದಾಗ ಕೊಂಬೆಗಳು ಸೌದೆಯಾಗುತ್ತವೆ, ಕಾಂಡ ಸಾಮಿಲ್ಲಿಗೆ ಹೋಗುತ್ತದೆ. ಕಡಿದವರು ಕೂಲಿ ಪಡೆದು ಹೊರಡುತ್ತಾರೆ. ಕೊನೆಗೆ ಮನೆಯವರ ಪಾಲಿಗೆ ಉಳಿಯುವುದು ನೆಲಕ್ಕೆ ಕಚ್ಚಿಕೊಂಡ ಬೊಡ್ಡೆ. ಇದನ್ನು ಏನು ಮಾಡಬೇಕು? ವಿಜ್ಞಾನ ಓದಿದ ನಾನೇ ಈ ಸಣ್ಣ ಪ್ರಶ್ನೆಯಲ್ಲಿ ಎಡವಿದ್ದೇನೆ. ಮೊದಲು ಆ ಕಥೆ ಕೇಳಿ.

ನಮ್ಮ ಹಿತ್ತಲಿನಲ್ಲಿ ಎರಡು ಬೊಡ್ಡೆಗಳಿದ್ದವು. ಒಂದು ಹೊಂಗೆಯದು, ಇನ್ನೊಂದು ಮುದಿ ತೆಂಗಿನದು. ಮಳೆ ಬಿದ್ದ ಕೆಲವೇ ವಾರಗಳಲ್ಲಿ ಹೊಂಗೆಯ ಬೊಡ್ಡೆಯ ಸುತ್ತ ಹತ್ತಾರು ಚಿಗುರುಗಳು ಎದ್ದವು. ತೆಂಗಿನ ಬೊಡ್ಡೆ ಸುಮ್ಮನಿತ್ತು. ಅದರ ಮೇಲೊಂದು ಹೂವಿನ ಕುಂಡ ಇಟ್ಟು ಮರೆತುಬಿಟ್ಟೆವು.

ಎರಡು ಮಳೆಗಾಲ ಕಳೆದ ಮೇಲೆ ಪಕ್ಕದ ಮನೆಯ ಅಜ್ಜಿ ನನ್ನನ್ನು ಬೇಲಿಯ ಬಳಿ ಕರೆದರು. "ನೋಡಪ್ಪಾ, ನನ್ನ ತೆಂಗಿನ ಸಸಿಯ ಗರೀನ ಯಾರೋ ಕತ್ತರಿ ಹಿಡಿದು ಕತ್ತರಿಸಿದ ಹಾಗಿದೆ" ಎಂದರು. ಕೊಡದಲ್ಲಿ ನೀರು ಹೊತ್ತು ಅವರು ಬೆಳೆಸಿದ್ದ ನಾಲ್ಕು ಸಸಿಗಳಲ್ಲಿ ಎರಡರ ಸುಳಿ ಆಗಲೇ ಒಣಗಿತ್ತು. ತೋಟಗಾರಿಕೆ ಬಲ್ಲ ಸ್ನೇಹಿತರೊಬ್ಬರು ಬಂದು ಸಸಿ ನೋಡಿದವರೇ ನೇರವಾಗಿ ನಮ್ಮ ಹಿತ್ತಲಿಗೆ ನಡೆದರು. ಕುಂಡ ಸರಿಸಿ ಬೊಡ್ಡೆಗೆ ಹಾರೆ ಹಾಕಿದರೆ, ಒಳಗೆ ಹೆಬ್ಬೆರಳು ಗಾತ್ರದ, ಅರ್ಧಚಂದ್ರದಂತೆ ಬಾಗಿದ ಬಿಳಿ ಹುಳುಗಳು!

ಅವು ರೈನಾಸರಸ್ ದುಂಬಿಯ ಮರಿಗಳು. ಘೇಂಡಾಮೃಗದಂತೆ ತಲೆಯ ಮೇಲೆ ಕೊಂಬಿರುವುದರಿಂದ ದುಂಬಿಗೆ ಈ ಹೆಸರು. ಮರಿಗಳು ಬೆಳೆಯುವುದು ಕೊಳೆತ ತೆಂಗಿನ ಬೊಡ್ಡೆ ಮತ್ತು ತಿಪ್ಪೆಗಳಲ್ಲಿ. ಪ್ರಾಯಕ್ಕೆ ಬಂದ ದುಂಬಿ ರಾತ್ರಿ ಹಾರಿ ತೆಂಗಿನ ಸುಳಿಯನ್ನು ಕೊರೆಯುತ್ತದೆ. ಇನ್ನೂ ಬಿಚ್ಚದ, ಮಡಿಚಿದ ಗರಿಗೆ ತೂತು ಬೀಳುವುದರಿಂದ ಅದು ಬಿಚ್ಚಿದಾಗ ಕತ್ತರಿ ಆಡಿಸಿದಂತೆ ಕಾಣುತ್ತದೆ. ದುಂಬಿ ಬೇರೆ ಕಡೆಯಿಂದಲೂ ಬಂದಿರಬಹುದೆಂದು ನಾನು ವಾದಿಸಬಹುದಿತ್ತು. ಆದರೆ ಹುಳುಗಳು ಕಣ್ಣೆದುರಿಗೇ ಇದ್ದವು.

ಹಾಗಾದರೆ ಎಲ್ಲ ಬೊಡ್ಡೆಗಳನ್ನೂ ಕೀಳಬೇಕೆ? ಬೇಡ. ಮೊದಲು ಕೇಳಬೇಕಾದ ಪ್ರಶ್ನೆ: ಇದು ಯಾವ ಮರದ ಬೊಡ್ಡೆ?

ತೆಂಗು, ಅಡಿಕೆಗಳು ಏಕದಳ ಸಸ್ಯಗಳು. ಅವುಗಳ ಬೆಳವಣಿಗೆಯೆಲ್ಲ ತುದಿಯ ಒಂದೇ ಮೊಗ್ಗಿನಲ್ಲಿ. ತಲೆ ಹೋದರೆ ಜೀವ ಹೋಯಿತು. ಹೊಂಗೆ, ಬೇವು, ತೇಗ, ನೀಲಗಿರಿಗಳು ಹಾಗಲ್ಲ. ತೊಗಟೆಯಡಿ ಮಲಗಿರುವ ಮೊಗ್ಗುಗಳು ಎಚ್ಚೆತ್ತು, ಬೇರಿನಲ್ಲಿ ಕೂಡಿಟ್ಟ ಪಿಷ್ಟವನ್ನು ಬಳಸಿಕೊಂಡು ಚಿಗುರುತ್ತವೆ. ಬೊಡ್ಡೆಯ ಜೀವಶಕ್ತಿ ಎಂಥದೆಂದರೆ, ನ್ಯೂಜಿಲೆಂಡಿನಲ್ಲಿ ಎಲೆಯೇ ಇಲ್ಲದ ಕೌರಿ ಮರದ ಬೊಡ್ಡೆಯೊಂದು ನೆರೆಯ ಮರಗಳ ಬೇರಿನೊಡನೆ ಬೆಸೆದುಕೊಂಡು ಬದುಕಿರುವುದನ್ನು ವಿಜ್ಞಾನಿಗಳು 2019ರಲ್ಲಿ ಪ್ರಕಟಿಸಿದರು.

ಚಿಗುರುವ ಬೊಡ್ಡೆಯಿಂದ ಮರ ಬೇಕಿದ್ದರೆ ಗಟ್ಟಿಯಾದ ಒಂದು ಚಿಗುರನ್ನು ಉಳಿಸಿ, ಉಳಿದವನ್ನು ಚಿವುಟಿ. ಬೇರು ಆಗಲೇ ಆಳಕ್ಕಿಳಿದಿರುವುದರಿಂದ ಅದು ಬೀಜದ ಸಸಿಗಿಂತ ಬೇಗ ಬೆಳೆಯುತ್ತದೆ. ಮರ ಬೇಡವಾದರೆ ಬಂದ ಚಿಗುರನ್ನೆಲ್ಲ ಬಿಡದೆ ಮುರಿಯುತ್ತಿರಿ. ಎಲೆಯಿಲ್ಲದೆ ಹೊಸ ಆಹಾರವಿಲ್ಲ. ಕೂಡಿಟ್ಟದ್ದು ಮುಗಿದಾಗ ಬೇರು ಸೋಲುತ್ತದೆ.

ಸತ್ತ ಬೊಡ್ಡೆಯನ್ನು ಕರಗಿಸುವವು ಶಿಲೀಂಧ್ರಗಳು. ಮರಕ್ಕೆ ಗಡಸುತನ ಕೊಡುವ ಲಿಗ್ನಿನ್ ಎಂಬ ವಸ್ತುವನ್ನು ಒಡೆಯಬಲ್ಲ ಜೀವಿಗಳು ಕೆಲವೇ. ಅವುಗಳಲ್ಲಿ ಮುಖ್ಯವಾದವು ಈ ಶಿಲೀಂಧ್ರಗಳೇ. ಅವುಗಳಿಗೆ ತೇವ, ಗಾಳಿ, ಸಾರಜನಕ ಬೇಕು. ಮರದಲ್ಲಿ ಇಂಗಾಲ ಹೇರಳ, ಸಾರಜನಕ ತೀರಾ ಕಡಿಮೆ. ಆದ್ದರಿಂದ ಬೈರಿಗೆಯಿಂದ ಅಲ್ಲಲ್ಲಿ ಆಳವಾದ ತೂತು ಕೊರೆದು, ಸಗಣಿ ನೀರು ತುಂಬಿ, ಮೇಲೆ ಮಣ್ಣು ಮುಚ್ಚಿ ತೇವವಾಗಿಡಿ. ಕೆಲವು ವರ್ಷಗಳಲ್ಲಿ ಅದೇ ಗೊಬ್ಬರವಾಗುತ್ತದೆ. ಸೀಮೆಎಣ್ಣೆ ಸುರಿದು ಬೆಂಕಿ ಹಚ್ಚಬೇಡಿ. ಬೇರಿನ ಗುಂಟ ಕೆಂಡ ನೆಲದೊಳಗೇ ಹರಿದೀತು. ಉಪ್ಪು ಸುರಿದರೆ ಮಣ್ಣೇ ಕೆಡುತ್ತದೆ.

ಮೂರು ಕಡೆ ಮಾತ್ರ ಬೊಡ್ಡೆಯನ್ನು ಬಿಡಬಾರದು. ಮನೆಯ ಗೋಡೆಗೆ ಹತ್ತಿರದ್ದು ಗೆದ್ದಲಿಗೆ ನೆಲೆಯಾಗುತ್ತದೆ. ತೆಂಗಿನದನ್ನು ಅಗೆದು, ಸೀಳಿ, ಒಣಗಿಸಿ ಒಲೆಗೆ ಹಾಕಿ. ಅಣಬೆ ರೋಗದಿಂದ ಸತ್ತ ಅಡಿಕೆ ಅಥವಾ ತೆಂಗಿನ ಬುಡವನ್ನು ಬೇರುಸಹಿತ ಕಿತ್ತು ಸುಡಲೇಬೇಕು, ಏಕೆಂದರೆ ಗ್ಯಾನೋಡರ್ಮಾ ಶಿಲೀಂಧ್ರ ಬೇರಿನಿಂದ ಬೇರಿಗೆ ದಾಟುತ್ತದೆ. ನಮ್ಮ ರೈತರು ಇಟ್ಟ 'ಅಣಬೆ ರೋಗ' ಎಂಬ ಹೆಸರನ್ನೇ ಇಂಗ್ಲಿಷ್ ಕೃಷಿ ಪುಸ್ತಕಗಳೂ ಬಳಸುತ್ತವೆ. ಕೀಳುವಾಗ ಸುತ್ತ ಅಗೆದು, ಪಕ್ಕದ ಬೇರುಗಳನ್ನು ಕೊಡಲಿಯಿಂದ ಕಡಿದು, ಆಮೇಲೆ ಹಾರೆಯಿಂದ ಮೀಟಿ. ಸನ್ನೆಯ ತತ್ವ ನಿಮಗೆ ಗೊತ್ತೇ ಇದೆ. ಹಿರಿಯರು ಜೊತೆಗಿರಲಿ.

ಮಿತ್ರರೇ, ಶಿಲೀಂಧ್ರ ಶತ್ರುವೂ ಹೌದು, ಸ್ನೇಹಿತನೂ ಹೌದು. ಮೆಟರೈಸಿಯಂ ಎಂಬ ಹಸಿರು ಶಿಲೀಂಧ್ರವನ್ನು ತಿಪ್ಪೆಯಲ್ಲಿ ಬೆರೆಸಿದರೆ ಅದೇ ರೈನಾಸರಸ್ ಮರಿಗಳನ್ನು ಕೊಲ್ಲುತ್ತದೆ. ಕಾಸರಗೋಡಿನ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ ಇದನ್ನು ಶಿಫಾರಸು ಮಾಡಿದೆ.

ನಮ್ಮ ಹೊಂಗೆಯ ಒಂದು ಚಿಗುರು ಈಗ ಮನೆಯ ಸೂರಿನ ಎತ್ತರಕ್ಕೆ ಬೆಳೆದಿದೆ. ತೆಂಗಿನ ಬೊಡ್ಡೆ ಕೀಳಿಸಿದ ದಿನವೇ ಅಜ್ಜಿಗೆ ಎರಡು ಹೊಸ ಸಸಿ ತಂದುಕೊಟ್ಟೆ. "ಸಸಿ ತಂದೆ ಸರಿ, ನೀರು ಹೊರುವವರು ಯಾರಪ್ಪಾ?" ಎಂದರು. ಅಂದಿನಿಂದ ಬೆಳಗಿನ ಎರಡು ಕೊಡ ನೀರು ನನ್ನ ಪಾಲಿಗೆ ಬಂದಿದೆ.

ನಿಮ್ಮ ಹಿತ್ತಲಿನಲ್ಲಿಯೂ ಒಂದು ಬೊಡ್ಡೆ ಇರಬಹುದು. ಅದು ಯಾವ ಮರದ್ದು, ಚಿಗುರಿದೆಯೇ, ಒಳಗೆ ಯಾರಿದ್ದಾರೆ, ಇಂದೇ ಹೋಗಿ ನೋಡಿ.