ಅಭ್ಯಂಜನದ ಬಿಸಿನೀರು ಮತ್ತು ಅಪಸ್ಮಾರ



ನರಕ ಚತುರ್ದಶಿಯ ಬೆಳಗಿನ ಜಾವದಲ್ಲಿ ಎಣ್ಣೆ ಹಚ್ಚಿಕೊಂಡು ಬಿಸಿನೀರಿನಿಂದ ತಲೆಗೆ ಸ್ನಾನ ಮಾಡುವುದು ಕನ್ನಡ ಮನೆತನಗಳಲ್ಲಿ ತಲೆಮಾರುಗಳಿಂದ ನಡೆದುಬಂದ ಆಚಾರ. ಊರಿನ ಬಚ್ಚಲುಮನೆಯ ಹಂಡೆಯ ಸ್ಥಾನದಲ್ಲಿ ವಡಪಳನಿಯ ಮನೆಗಳಲ್ಲಿ ಗೀಸರ್ ಬಂದಿದೆ. ಆಚಾರ ಮಾತ್ರ ಉಳಿದಿದೆ. ಇಂತಹ ಮಂಗಳಸ್ನಾನವು ಕೆಲವರಿಗೆ ಮೂರ್ಛೆಯನ್ನು ತರಬಲ್ಲದೆಂದರೆ ಅನೇಕರು ನಂಬಲಾರರು. ಆದರೆ ಇದು ವೈದ್ಯಶಾಸ್ತ್ರವು, ವಿಶೇಷವಾಗಿ ಕರ್ನಾಟಕದ ವೈದ್ಯರು, ಚೆನ್ನಾಗಿ ಪರಿಶೀಲಿಸಿರುವ ವಿಷಯ.

ಜನರು ಫಿಟ್ಸ್, ಮೂರ್ಛೆರೋಗ ಎಂದು ಕರೆಯುವ ಕಾಯಿಲೆಗೆ ಅಪಸ್ಮಾರವೆಂಬ ಹೆಸರು ಪ್ರಾಚೀನವಾದುದು. ಸ್ಮೃತಿ ತಪ್ಪುವುದೇ ಅದರ ಅರ್ಥ. ಚರಕಸಂಹಿತೆಯ ಚಿಕಿತ್ಸಾಸ್ಥಾನದ ಹತ್ತನೆಯ ಅಧ್ಯಾಯವು ಇದಕ್ಕೇ ಮೀಸಲು. ರೋಗಿಯನ್ನು ನೀರು, ಬೆಂಕಿ, ಮರ, ಬೆಟ್ಟಗಳಿಂದ ಸದಾ ಕಾಪಾಡಬೇಕೆಂದು ಅಲ್ಲಿ ಹೇಳಿದೆ. ಮಿದುಳಿನ ನರಕೋಶಗಳಲ್ಲಿ ವಿದ್ಯುತ್ ಸಂಕೇತಗಳು ಕೆಲವು ಕ್ಷಣ ಕ್ರಮತಪ್ಪಿ ಒಮ್ಮೆಲೇ ಹೊಮ್ಮುವುದರಿಂದ ಸೆಳವು ಉಂಟಾಗುತ್ತದೆಂದು ಇಂದಿನ ವಿಜ್ಞಾನ ತಿಳಿಸುತ್ತದೆ. ಇದು ಗ್ರಹಚೇಷ್ಟೆಯಲ್ಲ, ಅಂಟುರೋಗವೂ ಅಲ್ಲ.

ಬಿಸಿನೀರಿನಿಂದ ಬರುವ ಅಪಸ್ಮಾರವನ್ನು ಡಾ. ಕೆ. ಎಸ್. ಮಣಿ ಮತ್ತು ಅವರ ಸಹೋದ್ಯೋಗಿಗಳು 1968ರಲ್ಲಿಯೇ ವೈದ್ಯಪತ್ರಿಕೆಯಲ್ಲಿ ವರದಿ ಮಾಡಿದರು. ಮುಂದೆ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯ ಡಾ. ಪಿ. ಸತೀಶ್ಚಂದ್ರ ಮತ್ತು ಸಂಗಡಿಗರು ಇಂತಹ 279 ರೋಗಿಗಳ ವಿವರಗಳನ್ನು ಅಭ್ಯಸಿಸಿ 1988ರಲ್ಲಿ ಪ್ರಕಟಿಸಿದರು. ಜಗತ್ತಿನ ಇತರೆಡೆ, ಮುಖ್ಯವಾಗಿ ಟರ್ಕಿಯಲ್ಲಿ, ಇದು ಕಂಡುಬಂದಿದ್ದರೂ ದಕ್ಷಿಣ ಭಾರತದಲ್ಲಿ ಇದರ ಪ್ರಮಾಣ ಹೆಚ್ಚು. ಇಲ್ಲಿನ ಸ್ನಾನಕ್ರಮವನ್ನು ನೆನೆದರೆ ಇದು ಆಶ್ಚರ್ಯವೆನಿಸದು. ದೇಹದ ಸಹಜ ಉಷ್ಣತೆ ಸುಮಾರು 37 ಡಿಗ್ರಿ ಸೆಲ್ಸಿಯಸ್. ತಲೆಸ್ನಾನಕ್ಕೆ 40ರಿಂದ 50 ಡಿಗ್ರಿಯಷ್ಟು ಕಾದ ನೀರನ್ನು ತಂಬಿಗೆಯಿಂದ ಒಂದರ ಮೇಲೊಂದರಂತೆ ನೆತ್ತಿಗೆ ಸುರಿಯುತ್ತಾರೆ. ಈ ಬಿಸಿಯನ್ನು ತಾಳಿಕೊಳ್ಳುವ ಶಕ್ತಿ ಕೆಲವರ ಮಿದುಳಿಗೆ ಹುಟ್ಟಿನಿಂದಲೇ ಕಡಿಮೆಯಿರಬಹುದೆಂದು ತಜ್ಞರು ಭಾವಿಸುತ್ತಾರೆ. ಕೆಲವು ಕುಟುಂಬಗಳಲ್ಲಿ ಒಬ್ಬರಿಗಿಂತ ಹೆಚ್ಚು ಜನರಿಗೆ ಇದು ಬಂದಿರುವುದುಂಟು.

ಇದನ್ನು ಗುರುತಿಸುವುದು ಹೇಗೆ? ಸ್ನಾನದ ನಡುವೆ ಮಗು ಒಮ್ಮೆಲೇ ಶೂನ್ಯದೃಷ್ಟಿಯಿಂದ ನೋಡುತ್ತದೆ, ಕರೆದರೆ ಓಗೊಡುವುದಿಲ್ಲ, ಅಸಂಬದ್ಧವಾಗಿ ಏನನ್ನೋ ನುಡಿಯುತ್ತದೆ. ಕೆಲವರು ನಿಲ್ಲಿಸೆಂದರೂ ನಿಲ್ಲಿಸದೆ ನೀರು ಸುರಿದುಕೊಳ್ಳುತ್ತಲೇ ಇರುತ್ತಾರೆ. ಮತ್ತೆ ಕೆಲವರು ಪ್ರಜ್ಞೆತಪ್ಪಿ ಬಿದ್ದು, ಕೈಕಾಲು ಸೆಟೆದು ಅದುರುತ್ತವೆ. ಮನೆಯವರು ಇದನ್ನು ಪಿತ್ತವೆಂದೋ, ಹಸಿವಿನ ತಲೆಸುತ್ತೆಂದೋ, ದೃಷ್ಟಿದೋಷವೆಂದೋ ತಿಳಿದು ಸುಮ್ಮನಾಗುತ್ತಾರೆ. ಮೈಗೆ ಮಾತ್ರ ನೀರು ಹಾಕಿಕೊಂಡ ದಿನ ಏನೂ ಆಗದೆ, ತಲೆಸ್ನಾನದ ದಿನವೇ ಹೀಗಾಗುತ್ತಿದ್ದರೆ ಆ ಸಂಗತಿಯನ್ನು ವೈದ್ಯರಿಗೆ ತಪ್ಪದೆ ಹೇಳಬೇಕು. ಅವರು ಕೇಳದಿದ್ದರೂ ಹೇಳಬೇಕು.

ಇದಕ್ಕಾಗಿ ಅಭ್ಯಂಜನವನ್ನು ಬಿಡಬೇಕಾಗಿಲ್ಲ. ನೀರು ಉಗುರುಬೆಚ್ಚಗಿರಲಿ. ನೆತ್ತಿಗೆ ಧಾರೆಯಾಗಿ ಸುರಿಯದೆ ಸ್ವಲ್ಪಸ್ವಲ್ಪವಾಗಿ, ನಡುನಡುವೆ ನಿಲ್ಲಿಸಿ ಹಾಕಿಕೊಳ್ಳಲಿ. ಮಣೆಯ ಮೇಲೆ ಕುಳಿತು ಸ್ನಾನ ಮಾಡಲಿ. ಬಚ್ಚಲಿನ ಬಾಗಿಲಿಗೆ ಚಿಲಕ ಹಾಕದೆ, ಮನೆಯವರೊಬ್ಬರು ಕೂಗಳತೆಯಲ್ಲಿರಲಿ. ಅನೇಕರಿಗೆ ಇಷ್ಟೇ ಸಾಕಾಗುತ್ತದೆ. ಸಾಲದಿದ್ದವರಿಗೆ ತಲೆಸ್ನಾನಕ್ಕೆ ಸುಮಾರು ಒಂದೂವರೆ ಗಂಟೆ ಮುಂಚೆ ನುಂಗುವ ಮಾತ್ರೆಯನ್ನು ವೈದ್ಯರು ಕೊಡುವುದುಂಟು. ಕೆಲವರಿಗೆ ಕಾಲಕ್ರಮೇಣ ಬಿಸಿನೀರಿನ ಸಂಪರ್ಕವಿಲ್ಲದೆಯೂ ಮೂರ್ಛೆ ಬರುತ್ತದೆ. ಅಂಥವರಿಗೆ ನಿತ್ಯದ ಔಷಧ ಬೇಕಾಗುತ್ತದೆ. ಯಾರಿಗೆ ಯಾವುದೆಂಬುದನ್ನು ನರರೋಗತಜ್ಞರೇ ನಿರ್ಧರಿಸಬೇಕು.

ಬಿಸಿನೀರು ಒಂದು ಕಾರಣ ಮಾತ್ರ. ಬೇರೆ ಬಗೆಯ ಅಪಸ್ಮಾರವಿರುವವರಿಗೂ ಸೆಳವನ್ನು ಪ್ರಚೋದಿಸುವ ಸಂಗತಿಗಳಿವೆ. ಮಾತ್ರೆ ತಪ್ಪುವುದು ಅವುಗಳಲ್ಲಿ ಮೊದಲನೆಯದು, ನಿದ್ರೆಗೆಡುವುದು ಎರಡನೆಯದು. ಜ್ವರ, ಅತಿಯಾದ ಆಯಾಸ, ಮನಸ್ಸಿನ ಉದ್ವೇಗ, ಹೊತ್ತುಮೀರಿದ ಊಟ ಇವೂ ಸೇರುತ್ತವೆ. ಕೆಲವು ಸ್ತ್ರೀಯರಿಗೆ ಮಾಸಿಕ ಋತುಕಾಲದ ಆಸುಪಾಸಿನಲ್ಲಿ ಸೆಳವು ಹೆಚ್ಚುತ್ತದೆ. ಇನ್ನು ಕೆಲವರಿಗೆ ಮಿನುಗುವ ಬೆಳಕು ಆಗದು.

ವ್ರತನಿಷ್ಠರ ಮನೆಗಳಲ್ಲಿ ಈ ಮೊದಲೆರಡು ಕಾರಣಗಳು ಒಂದೇ ದಿನ ಕೂಡಿಬರಬಹುದು. ಏಕಾದಶಿಯಂದು ನಿರಾಹಾರ, ರಾತ್ರಿ ಜಾಗರಣೆ, ದ್ವಾದಶಿಯ ಪಾರಣೆಗೆ ನಸುಕಿನಲ್ಲಿ ಏಳುವುದು. ಇವುಗಳ ಜೊತೆಗೆ ನೀರೂ ಮುಟ್ಟಬಾರದೆಂದು ಮಾತ್ರೆಯನ್ನೂ ಬಿಟ್ಟರೆ ಮೂರ್ಛೆಗೆ ತಾನಾಗಿ ದಾರಿಯಾಗುತ್ತದೆ. ವ್ರತವನ್ನು ಕೆಡಿಸದ ಎಂಟು ವಸ್ತುಗಳನ್ನು ಮಹಾಭಾರತದ ಉದ್ಯೋಗಪರ್ವವು ಎಣಿಸುತ್ತದೆ. ನೀರು, ಹಾಲು, ಗುರುವಿನ ಮಾತು ಇವುಗಳ ಸಾಲಿನಲ್ಲಿ ಔಷಧವೂ ಇದೆ. ಆದುದರಿಂದ ಅಪಸ್ಮಾರವಿರುವವರು ಏಕಾದಶಿಯಂದೂ ಹೊತ್ತಿಗೆ ಸರಿಯಾಗಿ ಮಾತ್ರೆ ನುಂಗಬೇಕು. ಉಪವಾಸ, ಜಾಗರಣೆಗಳ ವಿಷಯದಲ್ಲಿ ತಮ್ಮ ಸ್ಥಿತಿಯನ್ನು ಹಿರಿಯರಲ್ಲಿ ವಿನಯದಿಂದ ನಿವೇದಿಸಿ, ವೈದ್ಯರ ಮಾತಿನಂತೆ ನಡೆಯಬೇಕು. ರಾತ್ರಿಯ ರೈಲಿನಲ್ಲಿ ಮಂತ್ರಾಲಯಕ್ಕೋ ಉಡುಪಿಗೋ ಹೊರಟಾಗ ಅವರಿಗೆ ಕೆಳಗಿನ ಬರ್ತ್ ಬಿಟ್ಟುಕೊಡಬೇಕು. ಮಾತ್ರೆಗಳು ಪೆಟ್ಟಿಗೆಯಲ್ಲಿರದೆ ಕೈಚೀಲದಲ್ಲಿರಬೇಕು.

ಪ್ರತಿಯೊಬ್ಬರ ಕಾರಣವೂ ಬೇರೆಬೇರೆಯಾದುದರಿಂದ ಅದನ್ನು ಹುಡುಕಲು ಒಂದು ನೋಟ್‌ಬುಕ್ ಅವಶ್ಯ. ರೈಲುಮಾರ್ಗದಲ್ಲಿ ಒಂದು ಸಿಗ್ನಲ್ ಮತ್ತೆ ಮತ್ತೆ ಕೆಟ್ಟರೆ, ಕೆಟ್ಟ ದಿನ, ಗಂಟೆ ಮತ್ತು ಸಂದರ್ಭವನ್ನು ರಿಜಿಸ್ಟರಿನಲ್ಲಿ ದಾಖಲಿಸುತ್ತಾರೆ. ಒಂದು ದಾಖಲೆಯಿಂದ ಕಾರಣ ತಿಳಿಯದು. ಹತ್ತನ್ನು ಒಟ್ಟಿಗೆ ನೋಡಿದಾಗ, ಮಳೆ ಬಂದ ದಿನವೇ ಕೆಡುತ್ತಿದೆಯೆಂಬುದು ಹೊಳೆಯುತ್ತದೆ. ಅದೇ ರೀತಿ ಸೆಳವು ಬಂದ ದಿನ, ವೇಳೆ, ಎಷ್ಟು ನಿಮಿಷವಿತ್ತು, ಹಿಂದಿನ ರಾತ್ರಿಯ ನಿದ್ರೆ, ಊಟದ ಹೊತ್ತು, ತಲೆಸ್ನಾನ, ತಪ್ಪಿದ ಮಾತ್ರೆ ಇವೆಲ್ಲವನ್ನೂ ಬರೆದಿಡಬೇಕು. ರೋಗಿಗೆ ಸೆಳವಿನ ನೆನಪಿರುವುದು ಅಪರೂಪ. ಆದುದರಿಂದ ಕಂಡವರು ಬರೆಯಬೇಕು.

ಸೆಳವು ಬಂದಾಗ ರೋಗಿಯನ್ನು ಒಂದು ಮಗ್ಗುಲಿಗೆ ಹೊರಳಿಸಿ, ತಲೆಯ ಕೆಳಗೆ ಮೆತ್ತನೆಯ ಬಟ್ಟೆಯಿಡಬೇಕು. ಕೈಕಾಲುಗಳನ್ನು ಬಲವಂತವಾಗಿ ಹಿಡಿಯಬಾರದು. ಕೈಗೆ ಕಬ್ಬಿಣ ಕೊಡುವುದು, ಹಲ್ಲುಗಳ ನಡುವೆ ಚಮಚ ತೂರಿಸುವುದು, ಬಾಯಿಗೆ ನೀರು ಅಥವಾ ತೀರ್ಥ ಹಾಕುವುದು ಕೂಡದು. ಗಡಿಯಾರ ನೋಡಬೇಕು, ಐದು ನಿಮಿಷ ಮೀರಿದರೆ, ಅಥವಾ ಎಚ್ಚರವಾಗುವ ಮೊದಲೇ ಮತ್ತೊಂದು ಸೆಳವು ಬಂದರೆ, ಅಥವಾ ನೀರಿನಲ್ಲಿ ಬಿದ್ದಿದ್ದರೆ, 108ಕ್ಕೆ ಕರೆ ಮಾಡಬೇಕು.

ಕೊನೆಯದಾಗಿ, ಮುಚ್ಚಿಡುವ ಅಭ್ಯಾಸದ ಕುರಿತು ಒಂದು ಮಾತು. ಹೆಣ್ಣುಮಗಳ ಮದುವೆ ನಿಂತೀತೆಂಬ ಭಯದಿಂದ ರೋಗವನ್ನು ಮರೆಮಾಚುವ ಮನೆಗಳುಂಟು. ಹಾಗೆ ಮದುವೆಯಾದ ಸೊಸೆ ಅತ್ತೆಯ ಮನೆಯಲ್ಲಿ ಮಾತ್ರೆಯನ್ನು ಕದ್ದು ನುಂಗಬೇಕಾಗುತ್ತದೆ. ಮದುವೆಯ ಗದ್ದಲದಲ್ಲಿ ನಿದ್ರೆಯಿಲ್ಲ. ನೆಂಟರ ನಡುವೆ ಮಾತ್ರೆಯೂ ತಪ್ಪುತ್ತದೆ. ಯಾವುದಕ್ಕೆ ಹೆದರಿ ಮುಚ್ಚಿಟ್ಟರೋ ಅದೇ ಎಲ್ಲರ ಕಣ್ಣೆದುರು ನಡೆಯುತ್ತದೆ. ಹಿಂದೂ ವಿವಾಹ ಕಾಯಿದೆಯಲ್ಲಿ ಅಪಸ್ಮಾರವು ವಿವಾಹಕ್ಕೆ ಅಡ್ಡಿಯೆಂದಿದ್ದ ಮಾತನ್ನು 1999ರಲ್ಲಿಯೇ ತೆಗೆದುಹಾಕಲಾಗಿದೆ. ಅಪಸ್ಮಾರವಿರುವ ಸ್ತ್ರೀಯರು ಮದುವೆಯಾಗಿ ಮಕ್ಕಳನ್ನು ಪಡೆದು ಬಾಳುತ್ತಿದ್ದಾರೆ. ಗರ್ಭ ಧರಿಸುವ ಮುನ್ನವೇ ವೈದ್ಯರನ್ನು ಕಾಣಬೇಕು. ತಾವಾಗಿಯೇ ಔಷಧ ನಿಲ್ಲಿಸಬಾರದು.

ವಡಪಳನಿಯವರಿಗೆ ಚಿಕಿತ್ಸೆ ದೂರವಿಲ್ಲ. ಮೆಟ್ರೊ ರೈಲಿನಲ್ಲಿ ಸೆಂಟ್ರಲ್‌ಗೆ ಹೋದರೆ, ಎದುರಿನ ರಾಜೀವ್ ಗಾಂಧಿ ಸರ್ಕಾರಿ ಆಸ್ಪತ್ರೆಯಲ್ಲಿಯೇ ನರರೋಗಗಳ ವಿಭಾಗವಿದೆ. ಸರಿಯಾದ ಔಷಧದಿಂದ ಹತ್ತರಲ್ಲಿ ಸುಮಾರು ಏಳು ಮಂದಿ ಸೆಳವಿಲ್ಲದೆ ಬಾಳಬಹುದೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಬರುವ ದೀಪಾವಳಿಯಂದು ಮಕ್ಕಳ ತಲೆಗೆ ನೀರೆರೆಯುವ ತಾಯಂದಿರು ಮೊದಲು ತಮ್ಮ ಮೊಣಕೈಗೆ ಆ ನೀರನ್ನು ಹಾಕಿ ನೋಡಲಿ. ಎಲ್ಲ ಮನೆಗಳಲ್ಲಿಯೂ ಅಭ್ಯಂಜನವು ಮಂಗಳಕರವಾಗಲಿ.

|| ಶ್ರೀಕೃಷ್ಣಾರ್ಪಣಮಸ್ತು ||